ಒಂದು ಸಮಾಧಿ, ಒಂದು ಊರು, ಮೀಟರಿಗೆ 10 ಯೂರೋ

ಹಿಟ್ಲರನ ಬಂಟ ರುಡಾಲ್ಫ್ ಹೆಸ್ 1987ರಲ್ಲಿ ಬರ್ಲಿನ್ನಿನ ಸ್ಪಾಂಡೌ ಜೈಲಿನಲ್ಲಿ ಸತ್ತ. ಆ ಜಾಗ ಮುಂದೆ ನಾಜಿ ಭಕ್ತರ ಯಾತ್ರಾಸ್ಥಳ ಆಗಬಾರದು ಅಂತ ಜೈಲನ್ನೇ ಕೆಡವಿಹಾಕಿದರು. ಆದರೆ ಅವನನ್ನು ಹೂತಿದ್ದು ಬವೇರಿಯಾದ ಪುಟ್ಟ ಊರು ವುನ್‌ಸೀಡೆಲ್‌ನಲ್ಲಿ. ಯಾತ್ರೆ ಅಲ್ಲಿಗೇ ಬಂತು.

ವರ್ಷವರ್ಷ ಮೆರವಣಿಗೆ. 1991ರಿಂದ ನಿಷೇಧ ಹೇರಿದರೆ ಅವರು ಬೇರೆ ಊರು ಹುಡುಕಿಕೊಂಡರು. 2001ರಲ್ಲಿ ಮತ್ತೆ ಅನುಮತಿ ಸಿಕ್ಕಿತು, ಮುಂದಿನ ವರ್ಷಗಳಲ್ಲಿ ಸಾವಿರಾರು ಜನ ಬಂದರು. ಮನೆ ಮುಂದೆಯೇ ಇದನ್ನು ನೋಡಬೇಕಾದ ಊರಿನವರ ಸಂಕಟ ಯೋಚಿಸಿ. ಕೊನೆಗೆ 2005ರಲ್ಲಿ ಕಾನೂನನ್ನೇ ತಿದ್ದಿದರು: ನಾಜಿ ಆಳ್ವಿಕೆಯನ್ನು ಸಾರ್ವಜನಿಕವಾಗಿ ಕೊಂಡಾಡಿ, ಅದಕ್ಕೆ ಬಲಿಯಾದವರ ಘನತೆಗೆ ಧಕ್ಕೆ ತಂದು ಶಾಂತಿ ಕದಡಿದರೆ ಅದು ಅಪರಾಧ. 2009ರಲ್ಲಿ ಸಾಂವಿಧಾನಿಕ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ನಾಜಿ ವಿಚಾರ ತಲೆಯಲ್ಲಿ ಇದ್ದ ಮಾತ್ರಕ್ಕೆ ಅಪರಾಧವಲ್ಲ ಎಂದೂ ಹೇಳಿತು. ಇದು ಸರಿ ಅಂತಲೇ ನನಗೆ ಅನಿಸುತ್ತದೆ. ತಲೆಯೊಳಗಿನದನ್ನು ಪೊಲೀಸರು ತೆಗೆಯೋಕೆ ಆಗಲ್ಲ, ಅಲ್ವಾ?

2011ರಲ್ಲಿ ಸಮಾಧಿಯ ಜಾಗದ ಗುತ್ತಿಗೆ ಮುಗಿಯುವುದರಲ್ಲಿತ್ತು. ಚರ್ಚ್ ಅದನ್ನು ಮುಂದುವರಿಸಲಿಲ್ಲ. ಅಸ್ಥಿ ಹೊರತೆಗೆದು, ಸುಟ್ಟು, ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಅಷ್ಟಾದರೂ ನವೆಂಬರ್ ಬಂತೆಂದರೆ ಒಂದಷ್ಟು ಜನ ಬರುತ್ತಲೇ ಇದ್ದರು.

2014ರಲ್ಲಿ ಊರಿನವರು ಹೊಸ ದಾರಿ ಹಿಡಿದರು. ಮೆರವಣಿಗೆಯವರು ನಡೆದ ಒಂದೊಂದು ಮೀಟರಿಗೂ 10 ಯೂರೋದಂತೆ ಊರಿನವರು, ವ್ಯಾಪಾರಿಗಳು ದೇಣಿಗೆ ಕೊಡುವುದು ಅಂತ ಮಾತಾಯಿತು. ರಸ್ತೆ ಮೇಲೆ ಎಷ್ಟು ಹಣ ಕೂಡಿತು ಎಂದು ಗುರುತು ಹಾಕಿದರು, ದಾರಿಯಲ್ಲಿ ತಿನ್ನೋಕೆ ಬಾಳೆಹಣ್ಣು ಇಟ್ಟರು, ಕೊನೆಯಲ್ಲಿ ಬಣ್ಣದ ಕಾಗದ ಎರಚಿ ಧನ್ಯವಾದ ಹೇಳಿದರು. ಕೂಡಿದ್ದು 10,000 ಯೂರೋ. ಅದು ಹೋಗಿದ್ದು ನಾಜಿ ಗುಂಪು ಬಿಟ್ಟು ಬರುವವರ ಕೈಹಿಡಿಯುವ ಎಕ್ಸಿಟ್ ಡಾಯ್ಚ್‌ಲಾಂಡ್ ಸಂಸ್ಥೆಗೆ.

ಈ ಸಂಸ್ಥೆಯನ್ನು 2000ದಲ್ಲಿ ಶುರುಮಾಡಿದವರು ಮಾಜಿ ಪೊಲೀಸ್ ಅಧಿಕಾರಿ ಬೆರ್ನ್ಡ್ ವಾಗ್ನರ್ ಮತ್ತು ಹಿಂದೆ ಸ್ವತಃ ನವನಾಜಿ ನಾಯಕನಾಗಿದ್ದ ಇಂಗೋ ಹಾಸೆಲ್‌ಬಾಖ್. ಗುಂಪು ಬಿಡುವುದು ಸುಮ್ನೆ ಮಾತಲ್ಲ. ಗೆಳೆಯರೆಲ್ಲ ಹೋಗುತ್ತಾರೆ, ಹಳೆಯ ಸಂಗಡಿಗರೇ ಹೊಡೆಯಲು ಬರಬಹುದು, ಎಷ್ಟೋ ಸಲ ಊರನ್ನೇ ಬಿಡಬೇಕಾಗುತ್ತದೆ. ಇಷ್ಟು ಕಷ್ಟದ ಬಾಗಿಲು ಎಲ್ಲಿದೆ ಅಂತ ಒಳಗಿರುವವರಿಗೆ ತಿಳಿಸುವುದು ಹೇಗೆ? 2011ರಲ್ಲಿ ಗೇರಾ ಊರಿನ ನವನಾಜಿಗಳ ಸಂಗೀತ ಸಭೆಯಲ್ಲಿ ಇವರು ಗುಟ್ಟಾಗಿ 250 ಟೀಶರ್ಟ್ ಹಂಚಿಸಿದರು. ಮೇಲೆ ಅವರಿಗೆ ಇಷ್ಟವಾಗುವ ಚಿತ್ರವೇ ಇತ್ತು. ಮನೆಗೆ ಹೋಗಿ ಒಗೆದಾಗ ಅದು ಅಳಿಸಿ, ಅಡಿಯಿಂದ ಬೇರೆ ಬರಹ ಮೂಡಿತು: ನಿನ್ನ ಟೀಶರ್ಟ್ ಕೈಲಾಗಿದ್ದು ನಿನ್ನ ಕೈಲೂ ಆಗುತ್ತದೆ, ಹೊರಬರಲು ನಾವು ನೆರವಾಗುತ್ತೇವೆ.