ಸಾಲಿಡ್ ಆಕ್ಸಲ್ ಸಿಕ್ಕಿದೆ, ಬೆಸುಗೆ ಹಾಕಿಸಿಬಿಡಲೇ?

ಪ್ರಶ್ನೆ: ನನ್ನದು 1990ರ ಟೊಯೋಟಾ ಹೈಲಕ್ಸ್, ಫೋರ್ ವೀಲ್ ಡ್ರೈವ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ, ಎರಡು ಚಕ್ರಗಳೂ ಬೇರೆಬೇರೆಯಾಗಿ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ. ಅದನ್ನು ಕಿತ್ತು ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಕೊಳವೆಯಲ್ಲಿ ಜೋಡಿಸುವ ಸಾಲಿಡ್ ಆಕ್ಸಲ್ ಹಾಕಿಸಬೇಕೆಂದು ಡಾನಾ 44 ಎಂಬ ಆಕ್ಸಲ್ ಹೊಂದಿಸಿದ್ದೇನೆ. ಹೀಗೆ ಮಾಡಿಸಿದ ಗಾಡಿ ವೇಗದಲ್ಲಿ ಸ್ಟೀರಿಂಗ್ ನಡುಗಿಸುತ್ತದೆ ಎಂದು ಹಲವರು ಹೆದರಿಸುತ್ತಾರೆ. ನಿಜವೇ?

ಉತ್ತರ: ನಡುಕ ಸಾಲಿಡ್ ಆಕ್ಸಲ್‌ನ ಹಣೆಬರಹವಲ್ಲ. ಅಮೆರಿಕದಲ್ಲಿ 1985ರವರೆಗೆ ಮಾರಾಟವಾದ ನಿಮ್ಮದೇ ಬಗೆಯ ಟೊಯೋಟಾ ಪಿಕಪ್‌ಗಳು ಮುಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮೇಲೆ ಕೂತ ಸಾಲಿಡ್ ಆಕ್ಸಲ್‌ನಲ್ಲೇ ಓಡಿದವು. ಬದಲಾದದ್ದು 1986ರ ಮಾದರಿಯಿಂದ. ಆ ಹಳೆಯ ಗಾಡಿಗಳಲ್ಲಿ ಆಕ್ಸಲ್‌ನ ಕೋನಗಳನ್ನೆಲ್ಲ ಕಾರ್ಖಾನೆಯವರೇ ಲೆಕ್ಕ ಹಾಕಿದ್ದರು. ನಿಮ್ಮ ಗಾಡಿಯಲ್ಲಿ ಆ ಲೆಕ್ಕ ನಿಮ್ಮ ಪಾಲಿನದು. ಆಕ್ಸಲ್ ಹುಡುಕುವುದೇ ದೊಡ್ಡ ಕೆಲಸ ಅಂದುಕೊಂಡವರೇ ಆಮೇಲೆ ನಡುಕದ ದೂರು ಹೇಳುತ್ತಾರೆ.

ಮೊದಲು ಆ ಡಾನಾ 44ರ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಡು) ಯಾವ ಬದಿಗಿದೆ ನೋಡಿ. ನಿಮ್ಮ ಟ್ರಾನ್ಸ್‌ಫರ್ ಕೇಸಿನಿಂದ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಮುಂದಕ್ಕೆ ಬರುವ ಶಾಫ್ಟ್ ಬಲಬದಿಯಲ್ಲಿದೆ. 1978–79ರ ಫೋರ್ಡ್ ಪಿಕಪ್‌ನಿಂದ ಬಂದ ಡಾನಾ 44 ಆದರೆ ಅದರ ಡಿಫರೆನ್ಷಿಯಲ್ ಎಡಕ್ಕಿರುತ್ತದೆ, ಅದೇ ಕಾಲದ ಷೆವರ್ಲೆಯದಾದರೆ ಬಲಕ್ಕೆ. ಬದಿ ತಪ್ಪಿದರೆ ಆ ಆಕ್ಸಲ್ ಮಾರಿ ಇನ್ನೊಂದು ತರುವುದೇ ಅಗ್ಗ. ಗೇರ್ ಅನುಪಾತವೂ ಗಾಡಿಯ ಹಿಂಬದಿಯ ಆಕ್ಸಲ್ಲಿನದಕ್ಕೆ ಹೊಂದಬೇಕು. 4.10ಕ್ಕೆ 4.11 ನಡೆಯುತ್ತದೆ, 4.56 ನಡೆಯುವುದಿಲ್ಲ, ಹಿಡಿತವಿರುವ ನೆಲದಲ್ಲಿ ಫೋರ್ ವೀಲ್ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಗೇರುಗಳು ಒಂದನ್ನೊಂದು ಎಳೆದಾಡುತ್ತವೆ. ಅಗಲ, ಚಕ್ರದ ಬೋಲ್ಟುಗಳ ಅಂತರ ಇವನ್ನೂ ಅಳೆದುಕೊಳ್ಳಿ.

ಇನ್ನು ಕೋನಗಳು. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕಾದರೆ ಕ್ಯಾಸ್ಟರ್ ಬೇಕು, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ಹೊರಳುವ ಅಕ್ಷದ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು. ಸಾಮಾನ್ಯವಾಗಿ 4ರಿಂದ 6 ಡಿಗ್ರಿ. ತೊಡಕು ಇಲ್ಲೇ ಇದೆ. ಗಾಡಿ ಎತ್ತರವಾದಾಗ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗುತ್ತದೆ, ಅದನ್ನು ಸರಿಮಾಡಲು ಆಕ್ಸಲ್ಲನ್ನೇ ತಿರುಗಿಸಿ, ಆ ಶಾಫ್ಟ್ ಬಂದು ಸೇರುವ ಪಿನಿಯನ್ ಗೇರನ್ನು ಮೇಲೆತ್ತುತ್ತಾರೆ. ಎತ್ತಿದಷ್ಟೂ ಕ್ಯಾಸ್ಟರ್ ಕರಗುತ್ತದೆ, ಏಕೆಂದರೆ ಪಿನಿಯನ್, ಚಕ್ರ ಹೊರಳುವ ಅಕ್ಷ ಎರಡೂ ಆಕ್ಸಲ್‌ನ ಒಂದೇ ಕೊಳವೆಗೆ ಅಂಟಿಕೊಂಡಿವೆ. ಎರಡೂ ಬೇಕೆಂದರೆ ಕೊಳವೆಯ ತುದಿಯಲ್ಲಿ ನಕಲ್ (ಚಕ್ರದೊಂದಿಗೆ ಹೊರಳುವ ಲೋಹದ ತುಂಡು) ಹಿಡಿದಿರುವ ಭಾಗದ ಬೆಸುಗೆ ಬಿಡಿಸಿ, ತಿರುಗಿಸಿ, ಮತ್ತೆ ಬೆಸೆಯಬೇಕು. ಎರಡು ತುದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಬಂದರೂ ಗಾಡಿ ಒಂದು ಕಡೆಗೆ ಎಳೆಯಬಹುದು. ಈ ಕೆಲಸ ಕೈ ಪಳಗಿದವರದ್ದು. ಹಣ ಉಳಿಸುವ ಜಾಗ ಇದಲ್ಲ.

ಕಾಯಿಲ್ ಸ್ಪ್ರಿಂಗ್ ಹಾಕಿಸುವ ಆಸೆಯಿದ್ದರೆ ಪ್ಯಾನ್‌ಹಾರ್ಡ್ ರಾಡ್ ಬೇಕೇ ಬೇಕು. ಆಕ್ಸಲ್ ಅಡ್ಡಕ್ಕೆ ಜಾರದಂತೆ ಹಿಡಿಯುವುದು ಅದು. ಗಾಡಿ ಮೇಲೆ ಕೆಳಗೆ ಆದಾಗ ಈ ರಾಡ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಬರುವ ಡ್ರ್ಯಾಗ್ ಲಿಂಕ್ ಎಂಬ ಸರಳು ತನ್ನದೇ ಕಮಾನಿನಲ್ಲಿ. ಎರಡರ ಉದ್ದ, ಓರೆ ಬಹುಮಟ್ಟಿಗೆ ಒಂದೇ ಇದ್ದರೆ ಜಗಳವಿಲ್ಲ. ಇಲ್ಲದಿದ್ದರೆ ಪ್ರತಿ ಗುಂಡಿಯಲ್ಲೂ ಸ್ಟೀರಿಂಗ್ ತಾನೇ ತಿರುಗುತ್ತದೆ. ಲೀಫ್ ಸ್ಪ್ರಿಂಗ್ ಆಕ್ಸಲ್ಲನ್ನು ತಾನೇ ಹಿಡಿದುಕೊಳ್ಳುವುದರಿಂದ ಸಾಮಾನ್ಯವಾಗಿ ಈ ರಾಡಿನ ಗೊಡವೆಯಿಲ್ಲ. ಮೊದಲ ಸಲ ಮಾಡಿಸುವವರಿಗೆ ನನ್ನ ಮತ ಲೀಫ್ ಸ್ಪ್ರಿಂಗಿಗೇ. ಅದು ಹಳೆಯ ಕಾಲದ್ದು ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ.

ನೀವು ಕೇಳಿದ ಆ ನಡುಕಕ್ಕೆ ಕಾರಣಗಳು ಬಹಳ ಸಲ ಸಣ್ಣವು: ಸವೆದ ಬುಷ್, ಅಗಲವಾದ ತೂತಿನಲ್ಲಿ ಅಲ್ಲಾಡುವ ಬೋಲ್ಟ್, ಸಡಿಲ ಬಾಲ್ ಜಾಯಿಂಟ್, ಬ್ಯಾಲೆನ್ಸ್ ಆಗದ ದೊಡ್ಡ ಟೈರು, ಕಡಿಮೆ ಕ್ಯಾಸ್ಟರ್. ಸ್ಟೀರಿಂಗ್ ಡ್ಯಾಂಪರ್ ಹಾಕಿದರೆ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಒಂದು ಮಾತು ಸೇರಿಸಬೇಕು. ನಿಮ್ಮ ಓಡಾಟ ಹೆಚ್ಚಾಗಿ ಟಾರು ರಸ್ತೆ, ಮಣ್ಣುದಾರಿಗಳಲ್ಲೇ ಆದರೆ ಈ ಉಸಾಬರಿ ಬೇಡ. ಸ್ಪ್ರಿಂಗಿನ ಕೆಳಗಿನ ಭಾರ ಹೆಚ್ಚುತ್ತದೆ, ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದಕ್ಕೂ ಅದು ತಟ್ಟುತ್ತದೆ. ಲಾಭ ಕಾಣುವುದು ಬಂಡೆಗಳ ಮೇಲೆ ನಿಧಾನವಾಗಿ ಏರುವಾಗ: ಚಕ್ರಗಳು ಹೆಚ್ಚು ಮೇಲೆ ಕೆಳಗೆ ಆಡುತ್ತವೆ, ದೊಡ್ಡ ಟೈರಿನ ಭಾರಕ್ಕೆ ಮುರಿಯುವ ಭಾಗಗಳು ಕಡಿಮೆ.

ಮಾಡಿಸಿಯೇ ಸಿದ್ಧ ಎಂದಾದರೆ, ಹಳೆಯ ಸಸ್ಪೆನ್ಷನ್ನಿನ ಕಂಟ್ರೋಲ್ ಆರ್ಮ್‌ಗಳು (ಚಕ್ರ ಹಿಡಿಯುವ ತೋಳುಗಳು) ಕೂತಿರುವ ಅಡ್ಡಪಟ್ಟಿ ಕತ್ತರಿಸುವ ಮುನ್ನ ಚಾಸಿಗೆ ಬದಲಿ ಅಡ್ಡಪಟ್ಟಿ ಕೂರಿಸಿ, ಸ್ಟೀರಿಂಗ್ ಬಾಕ್ಸ್ ಕೂರುವಲ್ಲಿ ದಪ್ಪ ತಗಡು ಬೆಸೆಸಿ. ಮಾರ್ಪಾಡಿಗೆ ನಿಮ್ಮ ಸಾರಿಗೆ ನಿಯಮ ಒಪ್ಪುತ್ತದೆಯೇ ಎಂಬುದನ್ನೂ ಆಗಲೇ ವಿಚಾರಿಸಿ. ಬ್ರಾಕೆಟ್‌ಗಳಿಗೆ ಮೊದಲು ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ. ಎಂಜಿನ್ ಸಹಿತ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಕೂತ ಮೇಲೆ ಕ್ಯಾಸ್ಟರ್ ಅಳೆಯಿರಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿ, ಆಕ್ಸಲ್ ಪೂರ್ತಿ ಮೇಲೆ ಬಂದಾಗ ಎರಡು ಚಕ್ರಗಳನ್ನು ಒಟ್ಟಿಗೆ ಹೊರಳಿಸುವ ಟೈ ರಾಡ್ ಎಂಜಿನ್ನಿನ ಆಯಿಲ್ ಪ್ಯಾನಿಗೆ ತಾಗುತ್ತದೆಯೇ, ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯುತ್ತದೆಯೇ ಪರೀಕ್ಷಿಸಿ. ಪೂರ್ತಿ ಬೆಸುಗೆ ಅದಾದ ಮೇಲೆ.