ಎಳ್ಳು: ಮೂಲ ಮತ್ತು ಪೋಷಕಾಂಶ

ಎಳ್ಳು ಎಂಬುದು ಪೆಡಾಲಿಯೇಸಿ ಕುಟುಂಬಕ್ಕೆ ಸೇರಿದ, ಸೆಸಮಮ್ ಇಂಡಿಕಮ್ ಎಂಬ ಶಾಸ್ತ್ರೀಯ ಹೆಸರಿನ ಗಿಡದ ಬೀಜ. ಸಂಸ್ಕೃತದಲ್ಲಿ ಇದು ತಿಲ. ತೈಲ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ನಮ್ಮಲ್ಲಿ ಹುಚ್ಚೆಳ್ಳು ಅಥವಾ ಗುರೆಳ್ಳು ಎಂದು ಕರೆಯುವ ಕಪ್ಪು ಬೀಜ ಹೆಸರಿಗಷ್ಟೇ ಎಳ್ಳು. ಅದು ಸೂರ್ಯಕಾಂತಿಯ ಕುಟುಂಬದ ಬೇರೊಂದು ಗಿಡದ್ದಾದ್ದರಿಂದ ಮುಂದೆ ಹೇಳುವ ಅಂಕಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ಸೆಸಮಮ್ ಕುಲದ ಕಾಡು ಪ್ರಭೇದಗಳಲ್ಲಿ ಹೆಚ್ಚಿನವು ಆಫ್ರಿಕದಲ್ಲಿ ಬೆಳೆಯುವುದರಿಂದ, ಎಳ್ಳಿನ ತವರೂ ಅದೇ ಇರಬೇಕೆಂದು ಸಸ್ಯವಿಜ್ಞಾನಿಗಳು ಬಹುಕಾಲ ಭಾವಿಸಿದ್ದರು. ಆದರೆ ಭಾರತದ ಪಶ್ಚಿಮ ಭಾಗದಲ್ಲಿ ಕಂಡುಬರುವ ಸೆಸಮಮ್ ಮಲಬಾರಿಕಮ್ ಎಂಬ ಕಾಡು ಎಳ್ಳಿಗೂ ಹೊಲದ ಎಳ್ಳಿಗೂ ತಲಾ 26 ವರ್ಣತಂತುಗಳಿದ್ದು (ಕ್ರೋಮೋಸೋಮುಗಳಿದ್ದು), ಎರಡನ್ನೂ ಕೂಡಿಸಿದಾಗ ಹುಟ್ಟುವ ಗಿಡಗಳು ಮತ್ತೆ ಫಲ ಕೊಡುತ್ತವೆ. ಆದ್ದರಿಂದ ಈ ಬೆಳೆ ಪಳಗಿದ್ದು ಭಾರತ ಉಪಖಂಡದಲ್ಲಿ ಎಂಬ ವಾದವೇ ಇಂದು ಗಟ್ಟಿಯಾಗಿ ನಿಂತಿದೆ. ಹರಪ್ಪದ ಉತ್ಖನನದಲ್ಲಿ ಸಿಕ್ಕಿದ ಸುಟ್ಟು ಕರಿಕಾದ ಎಳ್ಳಿನ ಕಾಳುಗಳೂ ಇದನ್ನೇ ಬೆಂಬಲಿಸುತ್ತವೆ.

ಸಿಪ್ಪೆ ಸಹಿತವಾದ 100 ಗ್ರಾಂ ಒಣ ಎಳ್ಳಿನಲ್ಲಿ ಸುಮಾರು 50 ಗ್ರಾಂ ಕೊಬ್ಬು, 18 ಗ್ರಾಂ ಪ್ರೋಟೀನು, 12 ಗ್ರಾಂ ನಾರು, 14 ಮಿಲಿಗ್ರಾಂ ಕಬ್ಬಿಣ ಮತ್ತು 975 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಈ ಕೊನೆಯ ಅಂಕಿಯನ್ನೇ ಮುಂದಿಟ್ಟು ಎಳ್ಳನ್ನು ಹಾಲಿಗಿಂತ ಮೇಲೆಂದು ಹೊಗಳುವುದು ರೂಢಿಯಾಗಿದೆಯಾದರೂ, ಆ ಹೊಗಳಿಕೆಯನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ಕ್ಯಾಲ್ಸಿಯಂನ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್ ರೂಪದಲ್ಲಿದ್ದು, ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಾದರೋ ಉಳಿಯುವುದು ಸುಮಾರು 60 ಮಿಲಿಗ್ರಾಂ ಮಾತ್ರ. ಹೀಗಾಗಿ, ಸಂಕ್ರಾಂತಿಗೆಂದು ನೆನೆಸಿ, ಉಜ್ಜಿ, ಬೆಳ್ಳಗೆ ಮಾಡಿದ ಎಳ್ಳಿಗೂ, ಸಿಪ್ಪೆಯೊಡನೆಯೇ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳಿಗೂ ಒಂದೇ ಅಂಕಿ ಹೇಳುವುದು ಸರಿಯಲ್ಲ. ಅಲ್ಲದೆ ಒಬ್ಬರು ಒಂದು ಸಲಕ್ಕೆ ತಿನ್ನುವುದು ಒಂದೆರಡು ಚಮಚೆಯಷ್ಟೇ, 100 ಗ್ರಾಂ ಅಲ್ಲ. ಹುರಿದು ಪುಡಿ ಮಾಡಿದರೆ ಒಳ್ಳೆಯದು, ಏಕೆಂದರೆ ಅಗಿಯದೆ ನುಂಗಿದ ಕಾಳು ಜೀರ್ಣವಾಗದೆ ಹೊರಬೀಳಬಹುದು.

ಪ್ರೋಟೀನಿನ ವಿಷಯದಲ್ಲಿ ಎಳ್ಳಿನ ಹೆಚ್ಚುಗಾರಿಕೆ ಇರುವುದು ಪ್ರೋಟೀನನ್ನು ಕಟ್ಟುವ ಘಟಕಗಳಾದ ಅಮೈನೋ ಆಮ್ಲಗಳಲ್ಲೊಂದಾದ ಮೆಥಿಯೋನಿನ್‌ನಲ್ಲಿ. ಬೇಳೆಕಾಳುಗಳಲ್ಲಿ ಇದು ಕಡಿಮೆ, ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಧಾರಾಳ. ಎಳ್ಳಿನಲ್ಲಿ ಲೈಸಿನ್ನೇ ಕೊರತೆ. ಎಳ್ಳುಬೆಲ್ಲಕ್ಕೆ ಹುರಿಗಡಲೆ ಬೆರೆಸಿದವರು ಈ ಲೆಕ್ಕ ಹಾಕಿರಲಾರರು, ಆದರೂ ಆ ಜೋಡಿ ಚೆನ್ನಾಗಿಯೇ ಕೂಡಿಬಂದಿದೆ.

ಎಳ್ಳೆಣ್ಣೆಯ ಕೊಬ್ಬಿನಲ್ಲಿ ಓಲಿಯಿಕ್ ಮತ್ತು ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲಗಳು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುತ್ತವೆ. ಸೆಸಮಿನ್, ಸೆಸಮೋಲಿನ್ ಎಂಬ ಲಿಗ್ನಾನ್‌ಗಳೂ (ಇವು ಒಂದು ಬಗೆಯ ಸಸ್ಯಜನ್ಯ ರಾಸಾಯನಿಕಗಳು), ಹುರಿದಾಗ ಸೆಸಮೋಲಿನ್‌ನಿಂದ ಹುಟ್ಟುವ ಸೆಸಮೋಲ್ ಕೂಡ ಇದರಲ್ಲಿರುವುದರಿಂದ ಇದು ಬೇಗ ಕಮಟು ಹಿಡಿಯುವುದಿಲ್ಲ. ಆದರೆ ಎಳ್ಳಿನ ಗುಣವೆಲ್ಲ ಎಣ್ಣೆಗೂ ಬಂದಿರುತ್ತದೆಂದು ತಿಳಿಯಬಾರದು: ಗಾಣದಿಂದ ಹೊರಬರುವುದು ಬಹುಮಟ್ಟಿಗೆ ಕೊಬ್ಬು ಮಾತ್ರ; ಪ್ರೋಟೀನು, ನಾರು, ಖನಿಜಗಳು ಹಿಂಡಿಯಲ್ಲಿಯೇ ಉಳಿದು ಸಾಮಾನ್ಯವಾಗಿ ದನಗಳ ಪಾಲಾಗುತ್ತವೆ.