ಒಂದೂವರೆ ಟನ್ ಎಸಿ: ಇದು ಯಾವ ಟನ್?

ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಯ ಒಳಗಿನ, ಹೊರಗಿನ ಯೂನಿಟ್ ಎರಡೂ ಸೇರಿ ತೂಗುವುದು ಐವತ್ತು ಕಿಲೋ ಆಸುಪಾಸು. ಕಾರ್ಖಾನೆಯ ವೇಬ್ರಿಜ್‌ನಲ್ಲಿ ಕಬ್ಬಿನ ಟನ್ ಎಂದರೆ ಸಾವಿರ ಕಿಲೋ. ಬಂದರಿನಲ್ಲಿ ಹಡಗಿಗೆ ಹೇಳುವ ಟನ್ ಎಷ್ಟೋ ಸಲ ತೂಕವೇ ಅಲ್ಲ.

ಎಲ್ಲದರ ಮೂಲ ಒಂದು ಪೀಪಾಯಿ. ಹಳೆಯ ಇಂಗ್ಲಿಷಿನಲ್ಲಿ ದೊಡ್ಡ ಪೀಪಾಯಿಗೆ ‘ಟುನ್ನೆ’ ಎನ್ನುತ್ತಿದ್ದರು. ವೈನ್ ವ್ಯಾಪಾರದಲ್ಲಿ ಅದರ ಅಳತೆ 252 ಗ್ಯಾಲನ್‌ಗೆ, ಅಂದರೆ ಸುಮಾರು 954 ಲೀಟರಿಗೆ ನಿಂತಿತು. ತುಂಬಿದ ಪೀಪಾಯಿಯ ಭಾರ ತೂಕದ ಮಾನವಾಯಿತು. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಯುತ್ತವೆ ಎಂಬುದು ಹಡಗಿನ ಗಾತ್ರದ ಲೆಕ್ಕವಾಯಿತು. ಕವಲೊಡೆದದ್ದು ಇಲ್ಲೇ. 1854ರಲ್ಲಿ ಬ್ರಿಟನ್ 100 ಘನ ಅಡಿ ಜಾಗವನ್ನು ಒಂದು ರಿಜಿಸ್ಟರ್ ಟನ್ ಎಂದು ಗೊತ್ತುಮಾಡಿತು.

ತೂಕದ ಕವಲು ಮತ್ತೆ ಮೂರಾಯಿತು. ಬ್ರಿಟಿಷರ ಹಂಡ್ರೆಡ್‌ವೇಟ್ ಹೆಸರಿಗೆ ನೂರು, ತೂಕಕ್ಕೆ 112 ಪೌಂಡ್. ಅಂಥ ಇಪ್ಪತ್ತು ಸೇರಿ 2,240 ಪೌಂಡ್, ಅಂದರೆ 1,016 ಕಿಲೋ. ಅಮೆರಿಕದವರು ನೂರನ್ನು ನೂರೇ ಎಂದು ಹಿಡಿದು 2,000 ಪೌಂಡಿಗೆ, 907 ಕಿಲೋಗೆ ಇಳಿಸಿದರು. ಫ್ರಾನ್ಸಿನಿಂದ ಬಂದ ಮೆಟ್ರಿಕ್ ಟನ್ 1,000 ಕಿಲೋ. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ ನಮ್ಮಲ್ಲಿ ಉಳಿದದ್ದು ಇದೇ.

ಎಸಿಗೆ ಅಂಟಿದ್ದು ಮಾತ್ರ ಅಮೆರಿಕದ ಟನ್. 19ನೇ ಶತಮಾನದಲ್ಲಿ ಅಲ್ಲಿ ತಂಪು ಎಂದರೆ ಕೆರೆಯಿಂದ ಕೊಯ್ದ ಮಂಜುಗಡ್ಡೆ. 1833ರಲ್ಲಿ ಬಾಸ್ಟನ್‌ನಿಂದ ಕಲ್ಕತ್ತೆಗೂ ಹಡಗಿನಲ್ಲಿ ಐಸ್ ಬಂದಿತ್ತು. ತಂಪು ಮಾಡುವ ಯಂತ್ರಗಳು ಬಂದಾಗ ಕೊಳ್ಳುವವರು ಕೇಳಿದ್ದು, ಇದು ಎಷ್ಟು ಐಸಿನ ಕೆಲಸ ಮಾಡುತ್ತದೆ ಎಂದು. ಆ ಲೆಕ್ಕ ಹೀಗೆ: ಸೊನ್ನೆ ಡಿಗ್ರಿಯ ಒಂದು ಪೌಂಡ್ ಐಸ್ ಕರಗಲು 144 ಬಿಟಿಯು (ಶಾಖ ಅಳೆಯುವ ಬ್ರಿಟಿಷ್ ಮಾನ) ಶಾಖ ಬೇಕು. 2,000 ಪೌಂಡಿಗೆ 2,88,000. ಇದನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 12,000 ಬಿಟಿಯು, ಅಂದರೆ 3,517 ವ್ಯಾಟ್. ಒಂದು ಟನ್ ಎಸಿ ಕೋಣೆಯಿಂದ ಹೊರಹಾಕಬೇಕಾದ ಶಾಖ ಇಷ್ಟು. ಇದು ಕರೆಂಟಿನ ಲೆಕ್ಕವಲ್ಲ. ಒಂದೂವರೆ ಟನ್ನಿನ ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಎಳೆಯುವ ಕರೆಂಟು ಸುಮಾರು 1,500 ವ್ಯಾಟ್.

ತಂಪಿನ ಟನ್ನನ್ನೂ ತೂಕದ ಟನ್ನನ್ನೂ ಬೆರೆಸಿದರೆ ಐಸ್ ಪ್ಲಾಂಟ್ ಹಾಕುವವರಿಗೆ ನಷ್ಟ. ಮಲ್ಪೆಯಂಥ ಮೀನುಗಾರಿಕೆ ಬಂದರಿನಲ್ಲಿ ದಿನಕ್ಕೆ ಒಂದು ಟನ್ ಐಸ್ ಬೇಕೆಂದು ಒಂದು ಟನ್ ಸಾಮರ್ಥ್ಯದ ಕಂಪ್ರೆಸರ್ ತಂದರೆ ಸಾಲದು. 30 ಡಿಗ್ರಿಯ ನೀರನ್ನು ಮೊದಲು ಸೊನ್ನೆಗೆ ಇಳಿಸಬೇಕು, ಆಮೇಲೆ ಹೆಪ್ಪುಗಟ್ಟಿಸಬೇಕು, ಗಡ್ಡೆಯನ್ನು ಇನ್ನೂ ಕೆಲವು ಡಿಗ್ರಿ ಕೆಳಗೆ ಒಯ್ಯಬೇಕು. ಐಸಿನ ಟನ್ ಇಲ್ಲಿ 907 ಅಲ್ಲ, 1,000 ಕಿಲೋ. ಹೊರಗಿನಿಂದ ಒಳಸೇರುವ ಶಾಖ ಬಿಟ್ಟೇ ಬೇಕಾದ ಸಾಮರ್ಥ್ಯ ಒಂದೂವರೆ ಟನ್ ದಾಟುತ್ತದೆ.

ಮನೆ ಎಸಿಯಲ್ಲಿ ತೊಂದರೆ ಬೇರೆ ಥರದ್ದು. ಒಂದೂವರೆ ಟನ್ ಎಂದರೆ 5,275 ವ್ಯಾಟ್ ಆಗಬೇಕು. ಆ ಹೆಸರಿನಲ್ಲಿ 4,800 ವ್ಯಾಟಿನದೂ ಮಾರಾಟವಾಗುತ್ತದೆ. ಸ್ಟಾರ್ ಲೇಬಲ್ ಮೇಲೆ ಕೂಲಿಂಗ್ ಸಾಮರ್ಥ್ಯ ವ್ಯಾಟ್‌ನಲ್ಲೇ ಇರುತ್ತದೆ, ಅಂಗಡಿಯಲ್ಲಿ ಅದನ್ನು ತೋರಿಸಿ ಮಾತಾಡುವವರು ಕಡಿಮೆ. ದೊಡ್ಡಕ್ಷರದ ಟನ್ ತೆಗೆದು ವ್ಯಾಟ್ ಬರೆದರೆ ಕೊಳ್ಳುವವರಿಗೆ ನೇರವಾಗಿ ಹೋಲಿಸಲು ಬರುತ್ತದೆ. ಆ ಅಂಕಿ ಹೊರಗೆ 35 ಡಿಗ್ರಿ ಇದ್ದಾಗಿನದು ಎಂಬುದನ್ನೂ ನೆನಪಿಡಬೇಕು. ಕಲಬುರಗಿ, ರಾಯಚೂರಿನಲ್ಲಿ 42 ಡಿಗ್ರಿ ಮುಟ್ಟಿದ ಮಧ್ಯಾಹ್ನ ಸಾಮರ್ಥ್ಯ ತಗ್ಗುತ್ತದೆ, ಮೇಲ್ಮಹಡಿಯ ತಾರಸಿ ಕಾದಿದ್ದರೆ ಕೋಣೆಯ ಶಾಖವೂ ಹೆಚ್ಚು. ಮಂಗಳೂರಿನ ಕಡೆ ತಪ್ಪಾಗುವುದು ಹೆಚ್ಚು ಟನ್ ಹಾಕಿ: ಇನ್ವರ್ಟರ್ (ಕಂಪ್ರೆಸರಿನ ವೇಗ ಹೆಚ್ಚುಕಡಿಮೆ ಮಾಡುವ ವ್ಯವಸ್ಥೆ) ಇಲ್ಲದ ದೊಡ್ಡ ಯಂತ್ರ ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ, ಗಾಳಿಯ ತೇವ ಹಾಗೇ ಉಳಿದು ಕೋಣೆ ತಣ್ಣಗಿದ್ದೂ ಅಂಟಂಟು ಹೋಗುವುದಿಲ್ಲ.